ಪರದೆಯ ಆಚೆಯ ಮಗ

ಹೇಳಲೋ, ಸುಮ್ಮನಿರಲೋ? ಕೋರ್ಟಿನ ಹೊರಗೆ ನನ್ನ ಬೆಂಚಿನಲ್ಲೇ ಆ ತಾಯಿ, ಅವಳ ತಮ್ಮ ಕೂತಿದ್ದರು. ಜೈಲಿನಲ್ಲಿರುವ ಅವಳ ಮಗನನ್ನು ಜಡ್ಜ್ ಆಗಷ್ಟೇ ವಿಡಿಯೊ ಪರದೆಯ ಮೇಲೆ ವಿಚಾರಿಸಿದ್ದರು.

"ಮಗನಿಗೆ ಕೈ ಬೀಸಿದ್ದಕ್ಕೆ ನನ್ನ ಹೊರಗೆ ಕಳಿಸಿಬಿಟ್ರಲ್ಲೋ!"

"ಕ್ಯಾಮೆರಾ ಜಡ್ಜ್ ಕಡೆಗಿತ್ತು ಅಕ್ಕಾ. ಅವನಿಗೆ ನೀನು ಕಾಣಲ್ಲ."

"ಮೊದಲು ವ್ಯಾನಲ್ಲಿ ಕರ್ಕೊಂಡು ಬರೋರು. ಮೆಟ್ಟಿಲ ಹತ್ರ ಕೈಯಾದ್ರೂ ಹಿಡೀತಿದ್ದೆ."

"ಇದು ಸುಧಾರಣೆಯಂತೆ. ಕೇಸು ಬೇಗ ಮುಗಿಯತ್ತಂತೆ."

"ಮುಗೀತಾ?"

"ಮುಂದಿನ ತಿಂಗಳಿಗೆ ಹೋಯ್ತು, ಲಾಯರು ಹೇಳಿದ್ರು."

"ಓಹೋ, ಮುಂದಕ್ಕೆ ಹಾಕೋದು ಬೇಗ ಆಯ್ತು!"

"ಮೆಲ್ಲಗೆ ಮಾತಾಡೇ."

"ಯಾಕೆ, ಇಲ್ಲೂ ಕ್ಯಾಮೆರಾ ಇದೆಯಾ? ಇರ್ಲಿ, ಅದರಲ್ಲಾದ್ರೂ ಮಗ ನೋಡ್ಲಿ. ಅಮ್ಮ ಬರಲೇ ಇಲ್ಲ ಅಂದ್ಕೊಂಡಿರ್ತಾನೆ."

ಅವರು ಎದ್ದು ಹೋದರು.

ಅವಳನ್ನು ಹೊರಗೆ ಕಳಿಸಿ, ತಮ್ಮನೂ ಹಿಂದೆಯೇ ಹೋದ ಮೇಲೆ ಮಗ ಪರದೆಯಿಂದ, "ಅಮ್ಮ ಬಂದಿದಾಳಾ?" ಎಂದು ಕೇಳಿದ್ದ. ಅಷ್ಟರಲ್ಲಿ ಮುಂದಿನ ಕೇಸು ಕೂಗಿದರು. ಆಗ ಒಳಗಿದ್ದ ನಾನು ಅದನ್ನು ಅವಳಿಗೆ ಹೇಳಲಿಲ್ಲ.