ದೋಣಿಯವಳನ್ನು ಒಪ್ಪಿಸಲು ದಾಳ ಬೇಕೇ?

ಎಲ್ಲರಿಗೂ ನಮಸ್ಕಾರ. ನಮ್ಮನ್ನು ಅಗಲಿದ ಆರಿನ್ ಅವರ ಪತ್ನಿ ಲೋರ್ನಾ ಅವರಿಗೆ, ಅರಿಜೋನಾದಿಂದ ಬಂದಿರುವ ಆರಿನ್ ಅವರ ಅಕ್ಕ ಆಸ್ಟ್ರಿಡ್ ಅವರಿಗೆ, ಚರ್ಚಿನ ಈ ನೆಲಮಾಳಿಗೆಯನ್ನು ಬಿಟ್ಟುಕೊಟ್ಟ ಪಾದ್ರಿಗಳಿಗೆ, ಬೆಳಗಿನಿಂದ ಸ್ಯಾಂಡ್‌ವಿಚ್ ಮಾಡುತ್ತಾ ನಿಂತೇ ಇರುವ ಹೆಂಗಸರಿಗೆ — ನಮಸ್ಕಾರ.

ನನಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ಊರಿನ ಗ್ರಂಥಾಲಯದಲ್ಲಿ ಆರಿನ್ ಸ್ಲೆಟನ್ ಅವರ ಪಕ್ಕದ ಮೇಜು ನನ್ನದು. ಪಕ್ಕದ ಮೇಜಿನವರೇ ಮಾತಾಡಲಿ ಎಂದು ಲೋರ್ನಾ ಹೇಳಿದರು. ಜೊತೆಗೆ ಇನ್ನೊಂದು ಕೆಲಸವನ್ನೂ ವಹಿಸಿದರು. ನಿನ್ನೆ ಅವರ ಅಡುಗೆಮನೆಯಲ್ಲಿ, ಕೈ ಒರೆಸಿಕೊಳ್ಳುತ್ತಾ ಅವರು ಅಂದದ್ದನ್ನು ಹಾಗೇ ಹೇಳುತ್ತೇನೆ: "ಆಟಕ್ಕೆ ಬರ್ತಿದ್ದೋರನ್ನೆಲ್ಲ ಕೇಳು. ಒಂದೇ ದಿನ, ನಮ್ಮನೇಲಿ ಒಂದೇ ಮೇಜಿಗೆ, ಎಲ್ಲರೂ ಬರ್ತಾರಾ? ಬಂದ್ರೆ ಸರಿ. ಇಲ್ಲಾಂದ್ರೆ ಆ ಮೇಜನ್ನ ಶನಿವಾರ ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ ಕೊಟ್ಟುಬಿಡ್ತೀನಿ. ಖಾಲಿ ಕುರ್ಚಿ ನೋಡ್ಕೊಂಡು ಊಟ ಮಾಡಕ್ಕೆ ನನ್ ಕೈಲಾಗಲ್ಲ."

ಆ ಪ್ರಶ್ನೆಗೆ ಉತ್ತರ ತೆಗೆದುಕೊಂಡೇ ನಾನು ಇಲ್ಲಿಂದ ಇಳಿಯಬೇಕು. ಅದಕ್ಕೇ ನಿಂತಿದ್ದೇನೆ.

ಆಸ್ಟ್ರಿಡ್ ಅವರು ಬೆಳಗ್ಗೆ ನನ್ನನ್ನು ಕೇಳಿದರು: "ನಮ್ಮ ಆರಿನ್ ವಾರಕ್ಕೆರಡು ದಿನ ಏನೋ ಆಡ್ತಿದ್ದನಂತಲ್ಲ — ಇಸ್ಪೀಟಾ?" ಅಲ್ಲ, ಅಮ್ಮಾ. ಅದೊಂದು ಕಥೆಯಾಟ. ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಸೂತ್ರಧಾರ, ಉಳಿದವರು ಕಥೆಯೊಳಗಿನ ಒಬ್ಬೊಬ್ಬ ಮನುಷ್ಯ. "ನೀವು ನದಿಯ ದಡಕ್ಕೆ ಬಂದಿದ್ದೀರಿ, ಏನು ಮಾಡುತ್ತೀರಿ?" ಎಂದು ಸೂತ್ರಧಾರ ಕೇಳುತ್ತಾರೆ. ನಾವು ಹೇಳುತ್ತೇವೆ. ಮಾಡಿದ್ದು ಫಲಿಸಿತೋ ಇಲ್ಲವೋ ಅನ್ನುವುದನ್ನು ಕೆಲವು ಸಲ ದಾಳ ಹೇಳುತ್ತದೆ. ನಮ್ಮ ಆಟದ ಹೆಸರು 'ಲಾಂದ್ರ'. ನಿಮ್ಮ ತಮ್ಮ ನಮ್ಮ ಸೂತ್ರಧಾರ. ಅಂಥ ಸೂತ್ರಧಾರ ಈ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ.

ಆ 'ಕೆಲವು ಸಲ' ಅಂದೆನಲ್ಲ — ಯಾವ ಸಲ? ಜಗಳ ಇರುವುದು ಅಲ್ಲೇ.

'ಲಾಂದ್ರ'ದ ನಿಯಮದ ಪುಸ್ತಕಕ್ಕೆ ಮೂರು ಆವೃತ್ತಿಗಳಿವೆ. ಮೊದಲನೆಯದು ಪಿನ್ನು ಹೊಡೆದ ತೆಳು ಪುಸ್ತಕ. ಅದರಲ್ಲಿ ಕೌಶಲ್ಯ ಎಂಬ ಮಾತೇ ಇಲ್ಲ. ಗೋಡೆ ಹತ್ತುತ್ತೇನೆ ಅಂದರೆ, ಹೇಗೆ ಹತ್ತುತ್ತೀಯ ಹೇಳು. ಎಲ್ಲಿ ಕಾಲಿಡುತ್ತೀಯ? ಹಗ್ಗ ಯಾವುದಕ್ಕೆ ಕಟ್ಟಿದೆ? ನೀನು ಸರಿಯಾಗಿ ಹೇಳಿದರೆ ಹತ್ತಿದೆ, ಮುಗಿಯಿತು. ಎರಡನೆಯದು ಇಟ್ಟಿಗೆಯಷ್ಟು ದಪ್ಪ. ಅದರಲ್ಲಿ ಎಲ್ಲಕ್ಕೂ ಶೇಕಡಾವಾರು ಲೆಕ್ಕ. ಈಜಲು ಇಷ್ಟು, ಸುಳ್ಳು ಹೇಳಲು ಇಷ್ಟು, ಮೀನು ಸೀಳಲು ಇಷ್ಟು. ನಿನ್ನ ಅಂಕಿಗಿಂತ ದಾಳ ಕೆಳಗೆ ಬಿದ್ದರೆ ಗೆದ್ದೆ. ನಮ್ಮ ಗರ್ಡಾ ಕೊವಾಲ್ಕಿ ಅವರ ಪಾತ್ರವಾದ ವೀರ ಸೇನಾನಿ ಮೊಣಕಾಲುದ್ದದ ಕಾಲುವೆಯಲ್ಲಿ ಮುಳುಗಿ ಸತ್ತದ್ದು ಈ ಆವೃತ್ತಿಯಲ್ಲಿ. — ನಗಿ, ಪರವಾಗಿಲ್ಲ, ಆರಿನ್ ಕೂಡ ನಗುತ್ತಿದ್ದರು. ಈ ಕೋಣೆಯ ಎರಡೂ ಕಡೆಯವರು ಒಪ್ಪುವ ಒಂದೇ ಮಾತು ಅಂದರೆ ಎರಡನೇ ಆವೃತ್ತಿ ಕೆಟ್ಟದ್ದು ಅನ್ನುವುದು.

ಮೂರನೆಯದು ಚೊಕ್ಕಟ. ಇಪ್ಪತ್ತು ಮುಖದ ಒಂದು ದಾಳ. ಅದು ತೋರಿಸಿದ್ದಕ್ಕೆ ನಿನ್ನ ಕೌಶಲ್ಯದ ಅಂಕಿ ಸೇರಿಸು. ಕೆಲಸ ಎಷ್ಟು ಕಷ್ಟವೋ ಅಷ್ಟನ್ನು ದಾಟಿದರೆ ಆಯಿತು. ಹತ್ತುವುದೂ ಹಾಗೇ, ಈಜುವುದೂ ಹಾಗೇ, ಒಬ್ಬರ ಮನವೊಲಿಸುವುದೂ ಹಾಗೇ.

ಒಬ್ಬರ ಮನವೊಲಿಸುವುದೂ ಹಾಗೇ — ಇಷ್ಟೇ, ಇಷ್ಟಕ್ಕೇ ನಮ್ಮ ಮೇಜು ಒಡೆಯಿತು.

ನೀವೆಲ್ಲ ಅವತ್ತು ಅಲ್ಲಿದ್ದಿರಿ. ಆಸ್ಟ್ರಿಡ್ ಅವರು ಇರಲಿಲ್ಲ, ಅವರಿಗಾಗಿ ಹೇಳುತ್ತೇನೆ. ನಾವು ನದಿ ದಾಟಬೇಕಿತ್ತು. ದೋಣಿ ನಡೆಸುವ ಮುದುಕಿ ದಾಟಿಸಲಾರೆ ಅನ್ನುತ್ತಿದ್ದಳು. ದೋಣಿ ರಿಪೇರಿ ಅಂಗಳದಲ್ಲಿ ಬೆಸುಗೆ ಕೆಲಸ ಮಾಡುವ ನಮ್ಮ ಡ್ವೇನ್ ಪ್ರಿಬಿಲ್ ಅವರಿಗೆ ಮಾತು ತೊದಲುತ್ತದೆ — ಅದನ್ನು ಹೇಳಬಹುದು ಅಂತ ನೀವೇ ನನಗೆ ಅನುಮತಿ ಕೊಟ್ಟಿದ್ದೀರಿ, ಡ್ವೇನ್. ಅವರ ಪಾತ್ರ ಮಾತ್ರ ಭಾರೀ ಮಾತುಗಾರ, ಅರಮನೆಯ ರಾಯಭಾರಿ. ಡ್ವೇನ್ ಅಂದರು: "ನಾನು ಅವಳನ್ನ ಒಪ್ಪಿಸ್ತೀನಿ." ದಾಳ ಎತ್ತಿದರು.

ಗರ್ಡಾ ಅವರು ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವರು. ಅವರ ದನಿ ಹಿಂದಿನ ಸೀಟಿನವರೆಗೂ ಹೋಗುತ್ತದೆ. "ಏ, ದಾಳ ಕೆಳಗಿಡು. ಏನಂತ ಒಪ್ಪಿಸ್ತೀಯ? ಬಾಯಿ ಬಿಟ್ಟು ಹೇಳು ಮಾರಾಯ!"

"ನನ್... ನನ್ ಹತ್ರ ಎಂಟು ಇದೆ, ಮನವೊಲಿಸೋದಕ್ಕೆ."

"ಎಂಟು ಅಂತ ಮುದುಕಿಗೆ ಹೇಳ್ತೀಯಾ? 'ಅಮ್ಮಾ ತಾಯಿ, ನನ್ ಹತ್ರ ಎಂಟು ಇದೆ, ದೋಣಿ ಬಿಡು' ಅಂತ?"

ಎಲ್ಲರೂ ನಕ್ಕರು. ಡ್ವೇನ್ ಅವರ ಕಿವಿ ಕೆಂಪಾಯಿತು. ಆಮೇಲೆ ಅವರು ಒಂದು ಮಾತು ಅಂದರು, ಒಂದೇ ಸಲಕ್ಕೆ, ತೊದಲದೆ: "ಗೋಡೆ ಹತ್ತು ಅಂತ ನಿನಗೆ ಯಾರಾದ್ರೂ ಇಲ್ಲಿ ಗೋಡೆ ಹತ್ತಿಸ್ತಾರಾ, ಗರ್ಡಾ? ನಿನ್ನ ಮಂಡಿ ನೋವಿಗೆ ದಾಳ ಇದೆ. ನನ್ನ ನಾಲಿಗೆಗೆ ಯಾಕಿರಬಾರದು?"



ಇಲ್ಲಿ ನಾನು ಪ್ರಾಮಾಣಿಕವಾಗಿ ಹೇಳಬೇಕು. ಡ್ವೇನ್ ಅಂದದ್ದು ಸರಿ. ಸಭೆಯಲ್ಲಿ ಬಾಯಿ ಬಾರದ ನನ್ನಂಥವರಿಗೆ ಮೂರನೇ ಆವೃತ್ತಿ ಒಂದು ದೊಡ್ಡ ಉಪಕಾರ. ಗರ್ಡಾ ಅಂದದ್ದೂ ಸರಿ. ಬರೀ ದಾಳ ಉರುಳಿಸಿ ಅಂಕಿ ಕೂಗುತ್ತಾ ಹೋದರೆ ಕಥೆ ಎಲ್ಲಿ? ನದಿ ಯಾಕೆ? ಮುದುಕಿ ಯಾಕೆ?

ಆರಿನ್ ಏನು ಮಾಡಿದರು? ಕನ್ನಡಕ ಹಣೆಗೇರಿಸಿದರು — ಹೀಗೆ. "ಡ್ವೇನ್, ಮೊದಲು ದಾಳ ಹಾಕು, ಮಾತು ಆಮೇಲೆ," ಅಂದರು. ಡ್ವೇನ್ ಹಾಕಿದರು. ಚೆನ್ನಾಗಿಯೇ ಬಿತ್ತು. "ಸರಿ, ಮುದುಕಿ ಒಪ್ಪಿಬಿಟ್ಟಳು. ಈಗ ಹೇಳಿ, ಎಲ್ಲರೂ ಸೇರಿ ಹೇಳಿ — ನಮ್ಮ ರಾಯಭಾರಿ ಅವಳಿಗೆ ಅಂಥಾದ್ದು ಏನು ಅಂದಿರಬೇಕು?" ಗೆದ್ದದ್ದು ಆಗಲೇ ಗೊತ್ತಿತ್ತಲ್ಲ, ಸೋಲುವ ಭಯ ಯಾರಿಗೂ ಇರಲಿಲ್ಲ. ಒಬ್ಬೊಬ್ಬರು ಒಂದೊಂದು ಮಾತು ಸೇರಿಸಿದರು. ಕೊನೆಯ ಮಾತು ಡ್ವೇನ್ ಅವರದ್ದೇ. ತೊದಲಿದರು, ಪೂರ್ತಿ ಹೇಳಿದರು, ಆರಿನ್ ಕಾದರು.

ಆಮೇಲೆ ಗರ್ಡಾ ಕಡೆ ತಿರುಗಿ ಅಂದರು: "ನೀನು ಬಾಯಲ್ಲೇ ಗೆಲ್ಲೋಳು. ನಿನಗೆ ದಾಳ ಬೇಡ. ಆದ್ರೆ ಆ ಮುದುಕಿಗೆ ಒಲ್ಲೆ ಅನ್ನಕ್ಕೆ ಬಲವಾದ ಕಾರಣ ಇದ್ರೆ, ಹೌದು ಅಂದ್ರೂ ಇಲ್ಲ ಅಂದ್ರೂ ಕಥೆ ಮುಂದಕ್ಕೆ ಹೋಗೋ ಹಾಗಿದ್ರೆ, ಆಗ ನೀನೂ ಹಾಕ್ತೀಯ."

ಎಷ್ಟು ಸರಳ! ಮೂರು ಪುಸ್ತಕದಲ್ಲಿ ಎಲ್ಲೂ ಹೀಗೆ ಬರೆದಿಲ್ಲ. ಮೂರನ್ನೂ ಓದಿ, ಎದುರಿಗೆ ಕೂತವರ ಮುಖ ನೋಡಿ ಅವರು ಕಂಡುಕೊಂಡ ದಾರಿ ಇದು. ಮುಂದಿನ ವಾರ ನೀವು ಏನು ಮಾಡಿದಿರಿ? ಗರ್ಡಾ ಅವರೇ, "ದಾಳ ಬೇಡ ಅಂತ ಆರಿನ್ ನನಗೆ ಹೇಳಿದ್ದಾನೆ" ಅಂದಿರಿ. ಡ್ವೇನ್, "ದಾಳ ಮೊದಲು ಅಂತ ಆರಿನ್ ನನಗೆ ಹೇಳಿದ್ದಾನೆ" ಅಂದಿರಿ. ಇಬ್ಬರೂ ಅರ್ಧರ್ಧ ಹಿಡಿದುಕೊಂಡು ಹೊರಟಿರಿ. ನಿಮ್ಮ ಹಿಂದೆ ಉಳಿದವರೂ ಹೊರಟರು. ಒಂದು ತಿಂಗಳಲ್ಲಿ ಮಂಗಳವಾರದ ಮೇಜು ಬೇರೆ, ಗುರುವಾರದ ಮೇಜು ಬೇರೆ. ಮಂಗಳವಾರ ಮೊದಲನೇ ಆವೃತ್ತಿ. ಗುರುವಾರ ಮೂರನೇ ಆವೃತ್ತಿ.

ಸೂತ್ರಧಾರ ಮಾತ್ರ ಒಬ್ಬರೇ.

ಎರಡು ವರ್ಷ! ಆರಿನ್ ಅವರ ಹೃದಯ ಸರಿಯಿಲ್ಲ ಅನ್ನುವುದು ಈ ಊರಿನಲ್ಲಿ ಯಾರಿಗೆ ಗೊತ್ತಿರಲಿಲ್ಲ? ಗ್ರಂಥಾಲಯದ ಮೆಟ್ಟಿಲ ಮಧ್ಯೆ ನಿಂತು, ಗೋಡೆಗೆ ಅಂಟಿಸಿದ ಪ್ರಕಟಣೆ ಓದುವವರ ಹಾಗೆ ಅವರು ಸುಧಾರಿಸಿಕೊಳ್ಳುತ್ತಿದ್ದರು. ಆ ಪ್ರಕಟಣೆ ಬದಲಾಗುತ್ತಿರಲಿಲ್ಲ. ಆ ಮನುಷ್ಯನಿಂದ ನೀವು ಒಂದೇ ಕಥೆಯನ್ನು ವಾರಕ್ಕೆ ಎರಡು ಸಲ ಹೇಳಿಸಿದಿರಿ. ಲೋರ್ನಾ ಎರಡು ಸಲ ಆಲೂಗಡ್ಡೆ ಬೇಯಿಸಿದರು. ನಾನು ಒಂದು ದಿನ ಕೇಳಿಯೇಬಿಟ್ಟೆ, "ಇದೇನು ಆರಿನ್, ಸಾಕು ಅನ್ನಬಾರದಾ?" ಅವರು ನಕ್ಕರು. "ಎರಡನೇ ಸಲ ಹೇಳೋವಾಗ ಕಥೆ ನನಗೇ ಚೆನ್ನಾಗಿ ಅರ್ಥ ಆಗುತ್ತೆ ಬಿಡಿ." ಸುಳ್ಳು. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಯಾವ ಆವೃತ್ತಿಯಲ್ಲೂ.

ಹಾಗಾದರೆ ನೀವು ಪರಸ್ಪರ ಬೇಡದವರೇ? ಅದೂ ಅಲ್ಲವಲ್ಲ! ಇದೇ ನನ್ನ ತಲೆ ಕೆಡಿಸುವುದು. ಎರಡೂ ಮೇಜು ಒಂದೇ ಲೋಕದಲ್ಲಿ ಆಡುತ್ತಿದ್ದವು. ಮಂಗಳವಾರ ಸುಟ್ಟ ಸೇತುವೆ ಗುರುವಾರವೂ ಸುಟ್ಟೇ ಇರುತ್ತಿತ್ತು. ಕಳೆದ ಚಳಿಗಾಲ ಗರ್ಡಾ ಅವರ ಪಾತ್ರ ದೋಣಿಯ ಗುಡಿಸಲಲ್ಲಿ ಒಂದು ರೊಟ್ಟಿ ಬಿಟ್ಟು ಹೋಯಿತು. ಗುರುವಾರ ಡ್ವೇನ್ ಅದನ್ನು ತಿಂದು, ಬದಲಿಗೆ ಒಣ ಸೌದೆ ಇಟ್ಟರು. ಮುಂದಿನ ಮಂಗಳವಾರ ಗರ್ಡಾ ಬಂದವರೇ ಕೋಟು ಬಿಚ್ಚುವ ಮೊದಲು ಕೇಳಿದ್ದು — "ಏನ್ ಆರಿನ್, ನನ್ ರೊಟ್ಟಿ ಯಾರು ತಿಂದ್ರು? ಆ ಕಳ್ಳನಾ? ಹೊಟ್ಟೆ ತುಂಬ್ತಂತಾ?" ಇಡೀ ಚಳಿಗಾಲ ರೊಟ್ಟಿ, ಸೌದೆ, ರೊಟ್ಟಿ, ಸೌದೆ. ಅಂಗಡಿಯಲ್ಲಿ ಎದುರಾದರೆ ಮಾತ್ರ ಇಬ್ಬರೂ ಹಾಲಿನ ಡಬ್ಬ ನೋಡುತ್ತಾ ಹೋಗುತ್ತಿದ್ದಿರಿ.

ಇವತ್ತೂ ನೋಡಿ. ಮಂಗಳವಾರದವರೆಲ್ಲ ಕಾಫಿ ಪಾತ್ರೆಯ ಕಡೆ, ಗುರುವಾರದವರೆಲ್ಲ ಪಿಯಾನೋ ಕಡೆ. ಬೆಳಗ್ಗೆ ಇನ್ನೂ ಕೆಟ್ಟದ್ದು ನಡೆಯಿತು. ಶವಪೆಟ್ಟಿಗೆ ಮುಚ್ಚುವ ಮೊದಲು ಒಂದು ಕಡೆಯವರು ಮೊದಲನೇ ಆವೃತ್ತಿಯ ಪುಸ್ತಕ ತಂದಿದ್ದಾರೆ, ಒಳಗಿಡಲು. ಇನ್ನೊಂದು ಕಡೆಯವರು ಮೂರನೆಯದು ತಂದಿದ್ದಾರೆ. "ಅವನ ಜೀವ ಇದ್ದದ್ದು ಇದರಲ್ಲಿ." "ಅವರು ಕೊನೇಗೆ ಕೊಂಡ ಪುಸ್ತಕ ಇದು." ಪಾಪ, ಅಂತ್ಯಕ್ರಿಯೆ ನಡೆಸುವ ಸಂಸ್ಥೆಯ ಹುಡುಗ ಕಪ್ಪು ಕೋಟಿನಲ್ಲಿ ನಿಂತು, ಎರಡು ಕೈಯಲ್ಲಿ ಎರಡು ಪುಸ್ತಕ ಹಿಡಿದು, ಲೋರ್ನಾ ಅವರ ಹತ್ತಿರ ಬಂದು ಕೇಳಿದ: "ಮೇಡಂ, ಇವರು ಯಾವ ಪಂಗಡದವರು?"

ಲೋರ್ನಾ ಅವರು ಅಂದರು: "ಅವನ ಕನ್ನಡಕ ಇಡಪ್ಪ. ಸಾಕು."

ಶ್ರದ್ಧಾಂಜಲಿಯಲ್ಲಿ ಸಿಟ್ಟು ಮಾಡಬಾರದು, ಗೊತ್ತು. ಸ್ವರ್ಗಸ್ಥರ ಗುಣಗಾನ ಮಾಡಬೇಕು. ಸೌಮ್ಯರು, ಸಜ್ಜನರು, ಗ್ರಂಥಾಲಯಕ್ಕೆ ಅವರ ಸೇವೆ ಅಪಾರ — ಎಲ್ಲ ನಿಜ, ಎಲ್ಲ ಬರೆದುಕೊಂಡು ಬಂದಿದ್ದೆ. ಓದಲು ಮನಸ್ಸಾಗುತ್ತಿಲ್ಲ. ಆ ಸೌಮ್ಯತೆಯನ್ನು ನಾವು ಎರಡು ವರ್ಷ ಬಳಸಿಕೊಂಡೆವು. ಅವರು ಒಂದು ಸಲ ಮೇಜು ಕುಟ್ಟಿ ಬೈದಿದ್ದರೆ ಮುಗಿಯುತ್ತಿತ್ತೇನೋ. ಬೈಯಲಿಲ್ಲ. ಎರಡೂ ಮೇಜನ್ನು ನಿಧಾನವಾಗಿ, ವಾರ ವಾರ, ಅದೇ ನದಿಯ ಅದೇ ದಡಕ್ಕೆ ತಂದು ನಿಲ್ಲಿಸಿದರು. ನೀವು ಗಮನಿಸಿದಿರಾ? ಮಂಗಳವಾರದವರೂ ಈಗ ದಡದಲ್ಲಿ. ಗುರುವಾರದವರೂ ದಡದಲ್ಲಿ. ದೋಣಿ ಒಂದೇ. ಮುಂದಿನ ವಾರ ಏನು ಮಾಡಬೇಕೆಂದಿದ್ದರೋ, ಹೇಳಬೇಕೇ?

ಆ ಮುಂದಿನ ವಾರ ಬರಲಿಲ್ಲ.

ಈಗ ಲೋರ್ನಾ ಅವರ ಪ್ರಶ್ನೆ. ಒಂದೇ ದಿನ, ಒಂದೇ ಮೇಜು. ಬುಧವಾರ ಅಂತ ಅವರೇ ಗೊತ್ತು ಮಾಡಿದ್ದಾರೆ, ಯಾರ ದಿನವೂ ಅಲ್ಲದ ದಿನ. ಸೂತ್ರಧಾರ ಯಾರು ಅಂತ ಪಿಯಾನೋ ಕಡೆ ಗುಸುಗುಸು ಕೇಳುತ್ತಿದೆ. ನಾನೂ ಕೇಳಿದೆ. ಲೋರ್ನಾ ನನ್ನನ್ನು ಪೆದ್ದರನ್ನು ನೋಡುವ ಹಾಗೆ ನೋಡಿದರು. "ಪಾತ್ರೆ ತೊಳೀತಾ ಇಡೀ ಕಥೇನ ಎರಡೆರಡು ಸಲ ಕೇಳಿದೋಳು ನಾನು. ನಿಮಗೆಲ್ಲ ಅರ್ಧ ಗೊತ್ತು. ನನಗೆ ಪೂರ್ತಿ ಗೊತ್ತು."

"ಯಾವ ಆವೃತ್ತಿ?" ಅಂತ ನನ್ನ ಬಾಯಿಂದ ಜಾರಿಹೋಯಿತು.

"ಆ ಮಾತು ಮೊದಲು ಎತ್ತಿದೋರು ಆವತ್ತಿನ ಪಾತ್ರೆ ತೊಳೀಬೇಕು. ನಿನ್ನ ಹೆಸರು ಆಗಲೇ ಬರ್ಕೊಂಡೆ."

ಹಾಗಾಗಿ ಪಾತ್ರೆ ತೊಳೆಯಲು ನಾನಿದ್ದೇನೆ. ಆಡಲು ಯಾರಿದ್ದೀರಿ, ನನಗೆ ಗೊತ್ತಿಲ್ಲ. ನಿಮ್ಮ ಮನವೊಲಿಸುವ ಮಾತು ನನ್ನ ಹತ್ತಿರ ಇಷ್ಟೇ ಇದ್ದದ್ದು. ಚೆನ್ನಾಗಿ ಬಂದಿಲ್ಲ, ಗೊತ್ತು. ಇದಕ್ಕೆ ದಾಳವೂ ಇಲ್ಲ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಮಂಡಿ ನೋವಿರುವವರು ಪಕ್ಕದವರನ್ನು ಹಿಡಿದುಕೊಳ್ಳಿ, ಪಕ್ಕದವರು ಯಾರೇ ಆಗಿರಲಿ. ಆರಿನ್ ಅವರಿಗಾಗಿ ಒಂದು ನಿಮಿಷ ಸುಮ್ಮನಿರೋಣ. ನಿಮಿಷ ಮುಗಿಯಿತು ಎಂದು ನಾನು ಹೇಳಿದ ಮೇಲೆ, ಬುಧವಾರ ಬರಲಾರದವರು ಕುಳಿತುಕೊಳ್ಳಿ. ಬರುವವರು ನಿಂತೇ ಇರಿ. ಲೋರ್ನಾ ಮುಂದಿನ ಸಾಲಿನಲ್ಲಿದ್ದಾರೆ. ಅವರು ಹಿಂದಕ್ಕೆ ತಿರುಗಿ ನೋಡುತ್ತಾರೆ.

ಮೌನ.