ಏರಿನಲ್ಲಿ ನಿಲ್ಲದ ವೈಪರು

ದೀಪ ಸ್ವಲ್ಪ ಸಣ್ಣ ಮಾಡಿ. ಹಾಂ, ಅಷ್ಟು ಸಾಕು.

ಸುಳ್ಳು ಹೇಳುವುದರಲ್ಲಿ ನನ್ನದು ಎತ್ತಿದ ಕೈ, ಒಪ್ಪಿದೆ. ಆದರೆ ಇದು ನನ್ನ ಸ್ವಂತ ಚಿಕ್ಕಪ್ಪನ ಮಗನಿಗೆ ಆದದ್ದು. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಆ ವಿದ್ಯೆಯೆಲ್ಲ ನಮ್ಮ ಮನೆತನದಲ್ಲಿ ನನ್ನೊಬ್ಬನಿಗೇ ಬಂದು ಮುಗಿದುಹೋಯಿತು.

ಹಳೇ ಕಾರುಗಳ ವೈಪರು ರಿಪೇರಿ ಮಾಡುವವನು ಅವನು. ಊರಿಗೆಲ್ಲ ವೈಪರಣ್ಣ. ಆ ರಾತ್ರಿ ಶೆಡ್ಡಿಗೆ ಬೀಗ ಹಾಕಿ ಪಾಳುಬಾವಿಯ ದಾರಿ ಹಿಡಿದು ಮನೆಗೆ ಹೊರಟಿದ್ದ. ಹಗಲೆಲ್ಲ ಸುರಿದ ಮಳೆ ನಿಂತಿತ್ತು. ಕಾಲಡಿ ಕೆಸರು... ಪಚಕ್, ಪಚಕ್. ಮನಸ್ಸಿಗೆ ಏನೋ ಕಿರಿಕಿರಿ. ಏನೋ ಮರೆತ ಹಾಗೆ. ಜೇಬು ತಡವಿ ನೋಡಿದ. ಬೀಗದಕೈ ಇತ್ತು. ಕನ್ನಡಕವೂ ಇತ್ತು.

ಮರೆಯುವುದಕ್ಕೇನಿದೆ? ಕೆಲಸ ಮುಗಿಸಿ ಕಾರನ್ನು ಮನೆ ಮುಂದೆ ಬಿಟ್ಟು ಬಂದದ್ದೂ ಆಗಿತ್ತು. ಹಲ್ಲಿನ ಡಾಕ್ಟರ ಕಾರು ಅದು. ಡಾಕ್ಟರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ಈಗ ಓಡಿಸುವುದು ಅವರ ಹೆಂಡತಿ. ಬೆಳಕು ಹರಿಯುತ್ತಲೇ ಆಕೆ ಬೆಟ್ಟ ಹತ್ತಿ, ಆಚೆ ಇಳಿದು, ಬಾಣಂತಿ ಮಗಳನ್ನೂ ಕೂಸನ್ನೂ ಕರೆತರಬೇಕು. ಬೆಟ್ಟದ ದಾರಿಯ ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಏನೂ ಇಲ್ಲ. ಮಳೆಯಲ್ಲಿ ಗಾಜು ಮುಚ್ಚಿಕೊಂಡರೆ... ಅಷ್ಟೇ. "ನಿನ್ನ ಮಾತಿನ ಮೇಲೆ ಹೊರಡ್ತಿದೀನಿ ಕಣಪ್ಪ" ಅಂದಿದ್ದರು ಆಕೆ.

ಈ ಹಳೇ ವೈಪರಿಗೆ ಕರೆಂಟಿಲ್ಲ, ತಿಳಿದಿರಲಿ. ಎಂಜಿನ್ನು ಉಸಿರು ಎಳೆದುಕೊಳ್ಳುತ್ತದಲ್ಲ, ಆ ಸೆಳೆತಕ್ಕೊಂದು ರಬ್ಬರ್ ಪೈಪು ಸಿಕ್ಕಿಸಿ ಓಡಿಸುವುದು. ಪೈಪಿನ ತುದಿಗೆ ತಗಡಿನ ಡಬ್ಬಿ, ಡಬ್ಬಿಯೊಳಗೊಂದು ಚರ್ಮದ ರೆಕ್ಕೆ. ಗಾಳಿ ಆಚೆ ಎಳೆದರೆ ರೆಕ್ಕೆ ಆಚೆ, ಈಚೆ ಎಳೆದರೆ ಈಚೆ. ಗಾಜಿನ ಮೇಲಿನ ಕಡ್ಡಿಯೂ ಹಾಗೇ. ಆದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಿರೋ, ಸೆಳೆತ ಸತ್ತು ವೈಪರು ನಿಂತೇಬಿಡುತ್ತದೆ. ಕಾಲೆತ್ತಿ ಒಂದು ಸಲ ಒರೆಸಿಕೊಂಡು ಮತ್ತೆ ಒತ್ತಬೇಕು. ನಾನೂ ಓಡಿಸಿದ್ದೇನೆ. ನಾನು ಕಾಲೆತ್ತುವ ಬೆಡಗು ನೋಡಲು ಜನ ಸೇರುತ್ತಿದ್ದರು. ಅದಿರಲಿ.

ಡಾಕ್ಟರ ಕಾರಿನ ರೆಕ್ಕೆ ಒಣಗಿ ಸೆಟೆದುಕೊಂಡಿತ್ತು. ವೈಪರಣ್ಣ ಅದನ್ನು ಬಿಚ್ಚಿ ಹರಳೆಣ್ಣೆಯಲ್ಲಿ ನೆನೆಹಾಕಿದ. ಡಬ್ಬಿ ಉಜ್ಜಿದ. ಹೊಸ ಪೈಪು ಹಾಕಿದ. ನಡುನಡುವೆ ಆಕೆ ಬಂದು ಬಂದು, ಆಯ್ತೇನಪ್ಪ, ಕತ್ತಲಾಯ್ತು ಎಂದು ಅವಸರ ಮಾಡುತ್ತಿದ್ದರು. ಕೊನೆಗೆ ಎಂಜಿನ್ನು ಶುರು ಮಾಡಿದಾಗ ವೈಪರು... ಸರ್ರ್, ಟಕ್. ಸರ್ರ್, ಟಕ್. ಗಡಿಯಾರ ಕೂಡ ಅಷ್ಟು ನೇಮವಾಗಿ ಓಡುವುದಿಲ್ಲ.

ಬಾವಿ ದಾಟುವಾಗ ಕೇಳಿಸಿತು.

ಸರ್ರ್... ಟಕ್.

ನಿಂತ. ಅದೂ ನಿಂತಿತು.

ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು. ಉದ್ದನೆಯ ಮಳೆಕೋಟು. ಟೋಪಿ ಮೂಗಿನವರೆಗೆ. ಮಳೆ ನಿಂತು ಎಷ್ಟೋ ಹೊತ್ತಾಗಿತ್ತು, ಆದರೂ ಕೋಟಿನಿಂದ ನೀರು ಇಳಿಯುತ್ತಲೇ ಇತ್ತು... ತೊಟ್... ತೊಟ್.

"ಗಾಡಿ ಆಯ್ತಾ?" ಪಿಸುಮಾತು.

"ಆಯ್ತು."

"ಒಳಗಿನ್ದೂ ಹಾಕಿದ್ಯಾ?"

ವೈಪರಣ್ಣನಿಗೆ ರೇಗಿತು. ಕುಡಿದು ಕಟ್ಟೆಯ ಮೇಲೆ ಕೂತವರೆಲ್ಲ ತನಗೆ ಕೆಲಸ ಹೇಳಿಕೊಡುವ ಕಾಲ ಬಂತಲ್ಲ ಎಂದು.

"ಹಾಕ್ದೇ ಓಡುತ್ತೇನ್ರೀ?" ಅಂದ. ಅವನೂ ಪಿಸುದನಿಯಲ್ಲೇ ಅಂದ. ಯಾಕೆ ಹಾಗೆ ಅಂದನೋ ಅವನಿಗೇ ಗೊತ್ತಿಲ್ಲ.

ಟೋಪಿ ಅತ್ತಿಂದಿತ್ತ ಅಲ್ಲಾಡಿತು. ತೊಟ್... ತೊಟ್...

"ಹೋಗ್ಲಿ ಬಿಡು. ಬೆಟ್ಟ ಹತ್ತೋವರೆಗೆ ನಾನು ನೋಡ್ಕೋತೀನಿ."

ವೈಪರಣ್ಣ ತಿರುಗಿ ನೋಡದೆ ನಡೆದ. ನಡೆದೆ ಎಂದು ಅವನು ಹೇಳುತ್ತಾನೆ. ಒಂದೇ ಚಪ್ಪಲಿಯಲ್ಲಿ ಬಂದರು ಎಂದು ಅವನ ಹೆಂಡತಿ ಹೇಳುತ್ತಾಳೆ.

ಹಾಸಿಗೆಗೆ ಬಿದ್ದರೆ ನಿದ್ದೆ ಎಲ್ಲಿಯದು? ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ. ನೀವೂ ವೈಪರ್ ಆಗ್ಬಿಟ್ರಾ, ಸುಮ್ನೆ ಮಲಗಿ ಎಂದು ಹೆಂಡತಿ ಗದರಿ ಗೋಡೆಗೆ ಮುಖ ಮಾಡಿದಳು. ಒಳಗಿನದು... ಒಳಗಿನದು ಅಂದರೆ ಏನು? ಬೆಳಗಿನ ಜಾವಕ್ಕೆ ಮಳೆ ಮತ್ತೆ ಹಿಡಿಯಿತು. ತಗಡಿನ ಮೇಲೆ ದಬದಬ ಸದ್ದು. ಇನ್ನು ತಡೆಯಲಾರದೆ ಎದ್ದು ಶೆಡ್ಡಿಗೆ ಓಡಿದ.

ಬೆಂಚಿನ ಮೇಲೆ ಎಣ್ಣೆಯ ಬಟ್ಟಲು. ಬಟ್ಟಲಲ್ಲಿ ರೆಕ್ಕೆ.

ಪೈಪು ಎಲ್ಲಿಯಾದರೂ ಗಾಳಿ ಬಿಡುತ್ತದೋ ನೋಡಲು ಮೊದಲು ಖಾಲಿ ಡಬ್ಬಿಯನ್ನೇ ಕಾರಿಗೆ ಬಿಗಿದು ಕಿವಿಗೊಡುವುದು ಅವನ ಪದ್ಧತಿ. ನಿನ್ನೆಯೂ ಹಾಗೇ ಬಿಗಿದಿದ್ದ. ಬಿಗಿದದ್ದೇ ವೈಪರು ಓಡಿಬಿಟ್ಟಿತು. ಓಡುತ್ತಿರುವುದನ್ನು ಮತ್ತೆ ಯಾರು ಬಿಚ್ಚುತ್ತಾರೆ? ಒಳಗೆ ಎಲ್ಲ ಇದೆ ಎಂದು ಕೈ ತಾನಾಗಿ ಮುಂದಿನ ಕೆಲಸಕ್ಕೆ ಹೋಗಿತ್ತು.

ಖಾಲಿ ಡಬ್ಬಿ ಓಡಿದ್ದು ಹೇಗೆ ಎಂದು ಯೋಚಿಸುವ ಪುರುಸೊತ್ತಿರಲಿಲ್ಲ. ರೆಕ್ಕೆಯನ್ನು ಜೇಬಿಗೆ ತುರುಕಿ ಡಾಕ್ಟರ ಮನೆಗೆ ಓಡಿದ. ಕಾರಿರಲಿಲ್ಲ. ಹಾಲಿನವನ ಸ್ಕೂಟರು ಕಿತ್ತುಕೊಂಡು ಬೆಟ್ಟದ ದಾರಿಗೆ ಬಿದ್ದ. ಮಳೆ ಮುಖಕ್ಕೆ ರಪರಪ ಹೊಡೆಯುತ್ತಿತ್ತು. ಪ್ರತಿ ತಿರುವಿನಲ್ಲೂ ನಿಂತು, ಏನೂ ಇಲ್ಲದ ಮಗ್ಗುಲಿಗೆ ಬಗ್ಗಿ ಕೆಳಗೆ ನೋಡುವುದು... ಕಾರು ಕಾಣಲಿಲ್ಲವೆಂದು ಉಸಿರು ಬಿಡುವುದು... ಮುಂದಿನ ತಿರುವಿಗೆ ಹೋಗುವುದು.

ಬೆಟ್ಟದ ತಲೆಯ ಮೇಲೆ ಕಾರು ನಿಂತಿತ್ತು. ಎಂಜಿನ್ನು ತಣ್ಣಗಾಗಲಿ ಎಂದು ನಿಲ್ಲಿಸಿಕೊಂಡು ಆಕೆ ಒಬ್ಬರೇ ಕೂತಿದ್ದರು. ಇವನನ್ನು ಕಂಡದ್ದೇ ಮುಖ ಅರಳಿತು.

"ಏನು ಮಾಯ ಮಾಡ್ದೆಯಪ್ಪ ಇದಕ್ಕೆ? ಏರಿನುದ್ದಕ್ಕೂ ಕಾಲೆತ್ತಲೇ ಇಲ್ಲ ನಾನು. ಒಂದು ಸಲಾನೂ ನಿಲ್ಲಲಿಲ್ಲ."

ವೈಪರಣ್ಣ ಸ್ಕೂಟರು ನಿಲ್ಲಿಸಿ ಕಾರಿನ ಬಾಗಿಲು ತೆಗೆದ. ಒಂದು ಚೂರು ಕೆಲಸ ಉಳಿದಿತ್ತು ಅಮ್ಮಾ ಎಂದು ಗೊಣಗಿ ಡ್ಯಾಶ್‌ಬೋರ್ಡಿನ ಕೆಳಗೆ ತೂರಿದ. ಮುಚ್ಚಳ ಬಿಚ್ಚಿದ. ಡಬ್ಬಿ ಖಾಲಿ. ತಗಡಿಗೆ ಒಳಗಡೆಯಿಂದ ಮಂಜು ಕಟ್ಟಿತ್ತು, ಕನ್ನಡಿಯ ಮೇಲೆ ಬಾಯಿಂದ ಹಾ ಎಂದಾಗ ಕಟ್ಟುತ್ತದಲ್ಲ, ಹಾಗೆ. ಬೆರಳಿಟ್ಟ. ಬೆಚ್ಚಗಿತ್ತು.

ಜೇಬಿನಿಂದ ರೆಕ್ಕೆ ತೆಗೆದು ಕೂರಿಸಿ ಬಿಗಿದ. ಆಕೆ ಆಚೆ ಇಳಿದು, ಬಾಣಂತಿಯನ್ನೂ ಕೂಸನ್ನೂ ಕೂರಿಸಿಕೊಂಡು ಸುಖವಾಗಿ ಬಂದರು. ಆದರೆ ಅಂದಿನಿಂದ ಆ ವೈಪರು ಏರು ಬಂದರೆ ನಿಲ್ಲುತ್ತದೆ, ಎಲ್ಲ ಹಳೇ ವೈಪರುಗಳ ಹಾಗೆ. ಚೆನ್ನಾಗಿದ್ದದ್ದನ್ನು ಬಿಚ್ಚಿ ಕೆಡಿಸಿಬಿಟ್ಟೆ ಎಂದು ಆಕೆ ಇವತ್ತಿಗೂ ಅವನನ್ನು ಕಂಡಲ್ಲಿ ಬೈಯುತ್ತಾರೆ. ಬೈಸಿಕೊಂಡು ಬರುತ್ತಾನೆ. ಬಾಯಿ ಬಿಡುವುದಿಲ್ಲ.

ನನ್ನ ಹತ್ತಿರ ಮಾತ್ರ ಹೇಳಿದ. ನಾನು ಒಂದಕ್ಷರ ಸೇರಿಸಿಲ್ಲ. ಸೇರಿಸಿದ್ದರೆ ಆ ಮಳೆಕೋಟಿನವನನ್ನು ಇಷ್ಟು ಬೇಗ ಬಿಡುತ್ತಿದ್ದೆನೇ? ನಡೆದದ್ದು ಇಷ್ಟೇ. ಹಾಂ... ಇನ್ನೊಂದು. ಬೆಟ್ಟದ ಮೇಲೆ ಅವನು ಕಾರಿನ ಬಾಗಿಲು ತೆಗೆದಾಗ, ಪಕ್ಕದ ಸೀಟಿನ ಮೇಲೆ ಕಾಫಿ ಕುಡಿದ ಎರಡು ಲೋಟ ಇದ್ದವು. ಎರಡೂ ಖಾಲಿ. ಎರಡೂ ಇನ್ನೂ ಬಿಸಿ.