ಟಾಕೀಸಿನ ಸಜ್ಜಾದ ಕೆಳಗೆ

ಮಲ್ಪೆಯಿಂದ ಕಲ್ಯಾಣಪುರಕ್ಕೆ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಮೀನು ಮಾರುವ ಇಬ್ಬರು ಹೆಂಗಸರು ಕುಳಿತಿದ್ದರು. ಕಿರಿಯಳೇ ಮಾತು ತೆಗೆದಳು.

“ಗುಣವತಿ ಅಕ್ಕ, ಮುಚ್ಚಿದ ಟಾಕೀಸಿನ ಸಜ್ಜಾ ಮೊನ್ನೆ ಬಿತ್ತಂತಲ್ಲ?”

“ಹೌದು ಕಮಲ. ನೀನು ಮೊದಲು ಕೂರ್ತಿದ್ದ ಜಾಗಕ್ಕೇ ಬಿದ್ದದ್ದು.”

“ನನ್ನ ಅತ್ತೆ ಕೂತು ಮಾರಿದ ಜಾಗ ಅದು. ನೀವು ದಿನಾ ಮೀನು ತೊಳೆದ ನೀರು ಚೆಲ್ಲಿ ನನ್ನನ್ನು ಎಬ್ಬಿಸಿದ್ರಿ.”

“ಮೇಲೆ ಬಿರುಕು ಬಿಟ್ಟಿದೆ, ಏಳು ಅಂತ ಎಷ್ಟು ಸಲ ಹೇಳಿದೆ? ಅತ್ತೆಯ ಜಾಗ ಬಿಡುದಿಲ್ಲ ಅಂದಿ.”

“ನಿಮಗೆ ಹೊಟ್ಟೆಕಿಚ್ಚು ಅಂತ ಎಣಿಸಿದೆ. ಇಡೀ ಮಾರ್ಕೆಟಿಗೆ ಕೇಳುವ ಹಾಗೆ ಬೈದೆ.”

“ಚೆಂದ ಬೈದಿ ಮಾರಾಯ್ತಿ. ನನ್ನ ಗಿರಾಕಿಗಳೂ ನಿಂತು ಕೇಳಿದ್ರು.”

ಇಬ್ಬರೂ ನಕ್ಕರು.

“ಇವತ್ತೂ ಆಚೆ ಬದಿ ಬಿಸಿಲಿನಲ್ಲೇ ಕೂರ್ತೀಯಾ?”

“ಮತ್ತೆಂತ ಮಾಡುದು?”

“ನನ್ನ ಹತ್ರ ದೊಡ್ಡ ಕೊಡೆ ಉಂಟಲ್ಲ. ಇಬ್ಬರಿಗೆ ಸಾಕು.”

ಬಸ್ಸು ನಿಂತಾಗ ಕಮಲ ಗುಣವತಿಯ ಬುಟ್ಟಿಯನ್ನೂ ತಾನೇ ಎತ್ತಿಕೊಂಡಳು.

“ನಿಮ್ಮ ಕೊಡೆಯಡಿಗೇ ಬರ್ತೇನೆ ಅಕ್ಕ. ನೀರು ಮಾತ್ರ ಚೆಲ್ಲಬೇಡಿ.”

“ಹೇಳಿದ್ದು ಕೇಳಿದ್ರೆ ಚೆಲ್ಲುದಿಲ್ಲ,” ಎನ್ನುತ್ತ ಗುಣವತಿ ಕೊಡೆ ಹಿಡಿದು ಇಳಿದರು.